ಕೋಳಿಗೂ ಒಂದು ನೀರಿನ ಪಾತ್ರೆ ಬೇಡವೇ?

ಹಾಲು ಉತ್ಪಾದಕ ಅಕ್ಕಂದಿರೇ, ತಾಯಂದಿರೇ,

ಹಸುವಿಗೆ ಚಿಕಿತ್ಸೆ ಕೊಡಲು ನಿಮ್ಮ ಮನೆಗೆ ಬಂದಾಗ, ಇಂಜೆಕ್ಷನ್ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನೀವು ಮೆಲ್ಲಗೆ ಕೇಳುವ ಮಾತೊಂದಿದೆ: “ಡಾಕ್ಟ್ರೇ, ಹಾಗೇ ಆ ಕೋಳಿಮರಿ ಒಂಚೂರು ನೋಡ್ತೀರಾ?” ಹಸುವಿನ ಕಾಯಿಲೆ ಅಂದರೆ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಾರೆ. ಕೋಳಿಯ ವಿಷಯ ಕೇಳುವವರು ನೀವೊಬ್ಬರೇ. ಅದರ ಕಾರಣ ನನಗೆ ಗೊತ್ತು. ಹಾಲಿನ ಬಟವಾಡೆ ಬಂದ ದಿನವೇ ಹಿಂಡಿಗೆ, ಸಾಲದ ಕಂತಿಗೆ, ಅಂಗಡಿ ಬಾಕಿಗೆ ಹಂಚಿಹೋಗುತ್ತದೆ. ಮೊಟ್ಟೆ ಮಾರಿದ ದುಡ್ಡು, ಹಬ್ಬದ ಮುಂಚೆ ಹುಂಜ ಮಾರಿದ ದುಡ್ಡು ಮಾತ್ರ ಯಾರೂ ಲೆಕ್ಕ ಕೇಳದೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಹತ್ತು ಮರಿಯಲ್ಲಿ ಏಳು ಸತ್ತರೆ ಕಳೆದುಹೋಗುವುದು ಆ ದುಡ್ಡು.

ನಾನು ಮರಿ ನೋಡುವ ಮೊದಲು ಕೇಳುವ ಪ್ರಶ್ನೆ, “ನೀರು ಎಲ್ಲಿ ಇಡ್ತೀರಿ?” ಬಹಳ ಕಡೆ ಬರುವ ಉತ್ತರ, “ನೀರಾ? ಅವು ಎಲ್ಲಾದ್ರೂ ಕುಡ್ಕೊಳ್ತವೆ ಬಿಡಿ.” ಎಲ್ಲಾದರೂ ಅಂದರೆ ಹಸುವಿನ ಬಾನಿ, ಬಚ್ಚಲ ಮೋರಿ, ಪಾತ್ರೆ ತೊಳೆದ ಜಾಗ, ಹೆಚ್ಚೆಂದರೆ ಅಂಗಳದಲ್ಲಿಟ್ಟ ಒಂದು ಹಳೇ ತಟ್ಟೆ. ಆ ತಟ್ಟೆಯಲ್ಲಿ ಬೆಳಿಗ್ಗೆ ಎಂಟಕ್ಕೆ ನೀರಿರುತ್ತದೆ, ಹತ್ತಕ್ಕೆ ಹಿಕ್ಕೆ ಬೆರೆತ ಕೆಸರಿರುತ್ತದೆ, ಮಧ್ಯಾಹ್ನಕ್ಕೆ ಏನೂ ಇರುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಿತ್ತಲ ಕೋಳಿಗೆ ಔಷಧಿ ಹುಡುಕುವ ಮೊದಲು ನೀರಿನ ಪಾತ್ರೆ ಸರಿ ಮಾಡಬೇಕು. ಆ ಪಾತ್ರೆಯನ್ನು ನಿಮ್ಮ ಅಂಗಳಕ್ಕೆ, ನಿಮ್ಮ ಕೆಲಸದ ಹೊತ್ತಿಗೆ ಹೊಂದುವ ಹಾಗೆ ನೀವೇ ಮಾಡಿಕೊಳ್ಳಬೇಕು.

ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಹಸುವಿನ ಹೊಟ್ಟೆಗೆ ಹೋಗಬೇಕು ಎಂಬುದು ನಿಮಗೆ ಗೊತ್ತಿದೆ. ಮೊಟ್ಟೆಯ ಲೆಕ್ಕವೂ ಅದೇ ರೀತಿಯದು. ಚಿಪ್ಪು ತೆಗೆದ ಮೊಟ್ಟೆಯಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಕೋಳಿ ತಿಂದ ಕಾಳಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ದೊಡ್ಡ ಹೇಂಟೆಗೆ ದಿನಕ್ಕೆ 200ರಿಂದ 250 ಮಿಲಿ ಬೇಕು, ಬೇಸಿಗೆಯಲ್ಲಿ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟು, ಉಸಿರಿನ ಜೊತೆ ನೀರನ್ನು ಹಬೆಯಾಗಿ ಹೊರಹಾಕಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ತಟ್ಟೆ ಒಣಗಿದ್ದರೆ ಮೊದಲು ನಿಲ್ಲುವುದು ಮೊಟ್ಟೆ. ಹತ್ತು ಕೋಳಿ ಇರುವ ಮನೆಗೆ ಬೇಸಿಗೆಯಲ್ಲಿ ದಿನಕ್ಕೆ 5 ಲೀಟರ್ ಎಂದು ಇಟ್ಟುಕೊಳ್ಳಿ.

ನೀರು ಕಡಿಮೆಯಾಗುವುದು ಒಂದು ತೊಂದರೆ. ನೀರು ಚೆಲ್ಲುವುದು ಇನ್ನೊಂದು. ಮರಿಗಳಿಗೆ ಬರುವ ರಕ್ತಭೇದಿ ಒಂದು ಪರೋಪಜೀವಿಯಿಂದ ಬರುವ ರೋಗ. ಅದರ ಬೀಜ ಹಿಕ್ಕೆಯಲ್ಲಿ ನೆಲಕ್ಕೆ ಬೀಳುತ್ತದೆ. ನೆಲ ಒಣಗಿದ್ದರೆ ಅದು ಬಲಿಯುವುದು ಕಷ್ಟ. ನೆಲ ತೇವವಾಗಿ ಬೆಚ್ಚಗಿದ್ದರೆ ಒಂದೆರಡು ದಿನದಲ್ಲೇ ಬಲಿತು ಮರಿಯ ಹೊಟ್ಟೆ ಸೇರಲು ಸಿದ್ಧವಾಗುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಬಗ್ಗುವುದಿಲ್ಲ, ಒಣಗಿಸುವುದೇ ದಾರಿ. ಮೂರರಿಂದ ಆರು ವಾರದ ಮರಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತು ರಕ್ತ ಬೆರೆತ ಹಿಕ್ಕೆ ಹಾಕಿದರೆ, ನೀರಿನ ತಟ್ಟೆಯ ಸುತ್ತಲಿನ ನೆಲ ಮುಟ್ಟಿ ನೋಡಿ. ರೋಗಕ್ಕೆ ಔಷಧಿ ಇದೆ, ಕೊಡೋಣ. ಆದರೆ ನೆಲ ಒದ್ದೆಯಾಗಿಯೇ ಇದ್ದರೆ ಮುಂದಿನ ಕಾವಿನ ಮರಿಗಳಿಗೂ ಅದೇ ಕಥೆ.

“ಅಂಗಡೀಲಿ ಪ್ಲಾಸ್ಟಿಕ್ ಕುಡಿಕೆ ಸಿಗುತ್ತಲ್ಲ ಡಾಕ್ಟ್ರೇ” ಎಂದು ನೀವು ಕೇಳಬಹುದು. ಸಿಗುತ್ತದೆ, ಕೆಟ್ಟದ್ದೂ ಅಲ್ಲ. ಆದರೆ ಅದನ್ನು ಮಾಡಿರುವುದು ಒಂದೇ ವಯಸ್ಸಿನ ಕೋಳಿಗಳನ್ನು ಸಮತಟ್ಟು ನೆಲದಲ್ಲಿ ಕೂಡಿಹಾಕುವ ಶೆಡ್ಡಿಗೆ. ನಿಮ್ಮ ಅಂಗಳದಲ್ಲಿ ಹುಂಜ, ಹೇಂಟೆ, ಮೂರು ದಿನದ ಮರಿ ಎಲ್ಲವೂ ಒಟ್ಟಿಗೆ ಇವೆ. ನಾಯಿ ಇದೆ, ಕಾಗೆ ಇದೆ, ಬಿಚ್ಚಿಕೊಂಡು ಓಡುವ ಕರು ಇದೆ. “ದಿನಕ್ಕೆ ನಾಲ್ಕು ಸಲ ನೀರು ಬದಲಿಸಿ” ಎಂದು ನಮ್ಮಂಥವರು ತರಬೇತಿಯಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಅಡುಗೆ ಮಾಡಿ, ಹುಲ್ಲಿಗೆ ಹೋಗುವ ಹೆಂಗಸಿಗೆ ನಾಲ್ಕು ಸಲ ಪುರುಸೊತ್ತು ಎಲ್ಲಿದೆ? ಬೆಳಿಗ್ಗೆ ಒಮ್ಮೆ ತುಂಬಿಸಿದರೆ ಸಂಜೆವರೆಗೆ ಶುದ್ಧವಾಗಿ ನಿಲ್ಲುವ ಪಾತ್ರೆ ಬೇಕು. ಅದಕ್ಕೆ ಮನೆಯಲ್ಲಿರುವ ಎರಡು ವಸ್ತು ಸಾಕು.

ಮೊದಲನೆಯದು ಅಡುಗೆ ಎಣ್ಣೆಯ 5 ಲೀಟರ್ ಕ್ಯಾನು, ಬಿಗಿಯಾದ ಮುಚ್ಚಳದ ಸಮೇತ. ಎರಡನೆಯದು ಅದಕ್ಕಿಂತ ಅಗಲವಾದ, ನಾಲ್ಕು ಸೆಂಟಿಮೀಟರ್ ಎತ್ತರದ ಅಂಚಿರುವ ತಟ್ಟೆ. ಒಡೆದ ಬಕೆಟ್ಟಿನ ತಳ ಕತ್ತರಿಸಿಕೊಂಡರೂ ಆಗುತ್ತದೆ. ಕ್ಯಾನನ್ನು ಬಿಸಿನೀರು, ಸೋಪು ಹಾಕಿ ಎಣ್ಣೆ ಜಿಡ್ಡು ಹೋಗುವ ಹಾಗೆ ತೊಳೆಯಿರಿ. ತಳದಿಂದ ಎರಡು ಸೆಂಟಿಮೀಟರ್ ಮೇಲೆ, ಪಕ್ಕದಲ್ಲಿ, ಕಾದ ಮೊಳೆಯಿಂದ ಪೆನ್ಸಿಲ್ ದಪ್ಪದ ಒಂದು ತೂತು ಮಾಡಿ. ಕ್ಯಾನನ್ನು ತಟ್ಟೆಯಲ್ಲಿ ನಿಲ್ಲಿಸಿ, ತೂತಿಗೆ ಬೆರಳು ಒತ್ತಿ, ಮೇಲಿನಿಂದ ನೀರು ತುಂಬಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಆಮೇಲೆ ಬೆರಳು ತೆಗೆಯಿರಿ. ನೀರು ತಟ್ಟೆಗೆ ಇಳಿದು, ತೂತು ಮುಳುಗಿದ ಕೂಡಲೇ ತಾನಾಗಿ ನಿಲ್ಲುತ್ತದೆ. ಕೋಳಿ ಕುಡಿದು ನೀರು ತಗ್ಗಿದರೆ ತೂತಿನಿಂದ ಗಾಳಿ ಒಳಹೋಗಿ ಮತ್ತಷ್ಟು ನೀರು ಬರುತ್ತದೆ.

ಇದರಲ್ಲಿ ತಪ್ಪಬಾರದ ಸಂಗತಿ ಎರಡು. ತೂತು ತಟ್ಟೆಯ ಅಂಚಿಗಿಂತ ಕೆಳಗಿರಬೇಕು. ಮುಚ್ಚಳದಲ್ಲಿ ಗಾಳಿ ಸೋರಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಅಷ್ಟೂ ನೀರು ಅಂಗಳಕ್ಕೆ ಹೋಗುತ್ತದೆ. ಕ್ಯಾನಿಗೂ ತಟ್ಟೆಯ ಅಂಚಿಗೂ ನಡುವೆ ಮೂರು ಬೆರಳಿನಷ್ಟು ಜಾಗ ಸಾಕು. ಕೊಕ್ಕು ಹೋಗಬೇಕು, ಕಾಲು ಹೋಗಬಾರದು. ಒಂದು ಎಚ್ಚರಿಕೆ: ಕೀಟನಾಶಕ, ಕಳೆನಾಶಕ, ಫಿನಾಯಿಲ್ ಇದ್ದ ಕ್ಯಾನನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ.

ತಟ್ಟೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವ ಹಾಗೆ ಇಟ್ಟಿಗೆಯ ಮೇಲೆ ಇಡಿ. ಅಷ್ಟು ಎತ್ತರದಲ್ಲಿದ್ದರೆ ಕೆದಕಿದ ಮಣ್ಣು, ಹಿಕ್ಕೆ ಒಳಗೆ ಬೀಳುವುದಿಲ್ಲ, ಕುಡಿಯುವಾಗ ನೀರೂ ಚೆಲ್ಲುವುದಿಲ್ಲ. ಇಟ್ಟಿಗೆಯ ಸುತ್ತ ಎರಡು ಬುಟ್ಟಿ ಮರಳು ಹಾಕಿದರೆ ತೊಟ್ಟಿಕ್ಕಿದ ನೀರು ಇಂಗುತ್ತದೆ. ಕ್ಯಾನಿನ ಮೇಲೆ ಒಂದು ತಗಡನ್ನು ಓರೆಯಾಗಿ ನಿಲ್ಲಿಸಿ. ಕೋಳಿ ಹತ್ತಿ ಕೂತು ಹಿಕ್ಕೆ ಹಾಕುವುದು ತಪ್ಪುತ್ತದೆ, ನೆರಳೂ ಆಗುತ್ತದೆ. ನೆರಳು ಬೇಕೇ ಬೇಕು. ಕಾದ ನೀರನ್ನು ಕೋಳಿ ಕುಡಿಯುವುದಿಲ್ಲ. ಸಾಲದ್ದಕ್ಕೆ ಬಿಸಿಲಿಗೆ ಕ್ಯಾನಿನೊಳಗಿನ ಗಾಳಿ ಹಿಗ್ಗಿ ನೀರನ್ನು ಹೊರಗೆ ತಳ್ಳುತ್ತದೆ. ಬೆಳಕು ತೂರುವ ಕ್ಯಾನಾದರೆ ಒಳಗೆ ಹಸಿರು ಪಾಚಿ ಕಟ್ಟುತ್ತದೆ, ಒಂದು ಹಳೇ ಗೋಣಿ ಸುತ್ತಿಬಿಡಿ.

ಮರಿಗಳಿಗೆ ಬೇರೆ ಪಾತ್ರೆ ಬೇಕು. ಅದಕ್ಕೆ ಚಿಕ್ಕ ಬಾಟಲಿ ಅಥವಾ ಡಬ್ಬಿಯಲ್ಲಿ, ಒಂದು ಸೆಂಟಿಮೀಟರ್ ಎತ್ತರಕ್ಕೇ ತೂತು ಮಾಡಿ. ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲು ಹರಡಿ. ಕಲ್ಲಿನ ಸಂದಿಯಲ್ಲಿ ಕೊಕ್ಕು ಹೋಗುತ್ತದೆ, ಮರಿ ಮುಳುಗುವುದಿಲ್ಲ. ದೊಡ್ಡ ಕೋಳಿಗಳು ನುಗ್ಗದ ಹಾಗೆ ಒಂದು ಮಂಕರಿಯನ್ನು ಬೋರಲು ಹಾಕಿ, ಅಂಚಿನ ಕೆಳಗೆ ಮರಿ ಮಾತ್ರ ನುಸುಳುವಷ್ಟು ಎತ್ತರದ ಕಲ್ಲು ಕೊಡಿ. ನೀರು, ನುಚ್ಚು ಎರಡನ್ನೂ ಅದರೊಳಗೇ ಇಡಬಹುದು.

ಇನ್ನು ತೊಳೆಯುವ ವಿಷಯ. ನೀರು ಇನ್ನೂ ಇದೆಯಲ್ಲ ಎಂದು ಅದರ ಮೇಲೇ ತುಂಬಿಸುತ್ತಾ ಹೋದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ತಟ್ಟೆಯೊಳಗೆ ಬೆರಳಾಡಿಸಿದಾಗ ಲೋಳೆ ಸಿಕ್ಕಿದರೆ ಅದು ರೋಗಾಣುಗಳ ಮನೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಾಲಿನ ಕ್ಯಾನು ಸರಿಯಾಗಿ ತೊಳೆಯದಿದ್ದರೆ ಡೇರಿಯಲ್ಲಿ ಹಾಲು ಏನಾಗುತ್ತದೆ ಎಂದು ನಿಮಗೇ ಗೊತ್ತು. ಅದೇ ಶಿಸ್ತು ಇಲ್ಲಿಗೂ ಇರಲಿ. ಕತ್ತಲಾದ ಮೇಲೆ ಕೋಳಿ ನೀರು ಕುಡಿಯುವುದಿಲ್ಲ. ಹಾಗಾಗಿ ಸಂಜೆ ಉಳಿದ ನೀರನ್ನು ಗಿಡಕ್ಕೆ ಚೆಲ್ಲಿ, ತಿಕ್ಕಿ ತೊಳೆದು, ಬೋರಲು ಹಾಕಿಬಿಡಿ. ಎರಡು ತಟ್ಟೆ ಇದ್ದರೆ ಒಂದು ಬಳಕೆಗೆ, ಒಂದು ಬಿಸಿಲಿಗೆ. ಆದರೆ ಹಾಲಿನ ಪಾತ್ರೆ ತಿಕ್ಕುವ ನಾರು, ಬ್ರಷ್ಷು ಇದಕ್ಕೆ ಬೇಡ. ಬೇರೆ ನಾರು, ಬೇರೆ ಜಾಗ, ಕೊನೆಗೆ ಸೋಪಿನಿಂದ ಕೈ ತೊಳೆಯುವುದು. ಕೋಳಿ ಹಿಕ್ಕೆಯಿಂದ ಮನುಷ್ಯರಿಗೂ ಭೇದಿ ಬರುತ್ತದೆ.

ಹಸುವಿನ ಬಾನಿಯ ಅಂಚಿಗೆ ಕೋಳಿ ಹತ್ತುವುದೂ ಇದರಿಂದ ಕಡಿಮೆಯಾಗುತ್ತದೆ. ಹಿಕ್ಕೆ ಬಿದ್ದ ನೀರಿಗೆ ಹಸು ಮೂತಿಯಿಟ್ಟು ಹಿಂದೆ ಸರಿಯುವುದನ್ನು ನೀವು ನೋಡಿಯೇ ಇರುತ್ತೀರಿ. ಅದು ಕುಡಿಯದೆ ಬಿಟ್ಟ ನೀರು ಸಂಜೆಯ ಹಾಲಿನ ಅಳತೆಯಲ್ಲಿ ಕಾಣುತ್ತದೆ.

ನೀರಿನ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಹಳ್ಳಿಯಲ್ಲಿ ಕೊಕ್ಕರೆ ರೋಗದ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಡಿಸಿದೆ. ಬಳಸಿದ್ದು ನಲ್ಲಿ ನೀರು. ಅದಕ್ಕೆ ಬ್ಲೀಚಿಂಗ್ ಪುಡಿ ಹಾಕಿದ್ದಾರೆಯೇ ಎಂದು ನಾನು ಕೇಳಲಿಲ್ಲ. ಆ ಲಸಿಕೆ ಜೀವಂತ ವೈರಾಣುವಿನದು, ಕ್ಲೋರಿನ್ ಅದನ್ನು ಕೊಂದುಹಾಕುತ್ತದೆ. ಕೆಲವು ವಾರ ಕಳೆದು ರೋಗ ಬಂದಾಗ ಅಲ್ಲಿನ ಅಜ್ಜಿಯೊಬ್ಬರು “ನೀವೇ ಔಷಧಿ ಹಾಕಿದ್ರಲ್ಲಪ್ಪಾ” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಪಾತ್ರೆ, ನೀರು ನೋಡದೆ ನಾನು ಲಸಿಕೆಯ ಸೀಸೆ ಒಡೆಯುವುದಿಲ್ಲ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕಿಸುವುದೇ ಒಳ್ಳೆಯದು. ನೀರಿನಲ್ಲೇ ಕೊಡುವುದಾದರೆ ಬ್ಲೀಚಿಂಗ್ ಬೆರೆಯದ ಬಾವಿ ಅಥವಾ ಬೋರ್ ನೀರು, ಸೋಪಿನ ಅಂಶ ಉಳಿಯದ ಪ್ಲಾಸ್ಟಿಕ್ ಪಾತ್ರೆ, ಜೊತೆಗೆ ಸ್ವಲ್ಪ ಕೆನೆರಹಿತ ಹಾಲಿನ ಪುಡಿ ಬೇಕು. ಹಾಲಿನ ಪುಡಿ ಲಸಿಕೆಯನ್ನು ಕಾಪಾಡುತ್ತದೆ. ಬೆರೆಸಿದ ನೀರು ಒಂದೆರಡು ಗಂಟೆಯಲ್ಲಿ ಖಾಲಿಯಾಗಬೇಕು. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಆದ್ದರಿಂದ ಬೀದಿಯ ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿಕೊಳ್ಳಿ.

ಕೊನೆಗೆ ನಮ್ಮಂಥ ಅಧಿಕಾರಿಗಳಿಗೂ ಒಂದು ಮಾತು. ಗಿರಿರಾಜ, ಸ್ವರ್ಣಧಾರದಂಥ ಒಳ್ಳೆಯ ತಳಿಯ ಮರಿ ಹಂಚುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಅವು ಯಾವ ಪಾತ್ರೆಯಲ್ಲಿ ನೀರು ಕುಡಿಯುತ್ತವೆ ಎಂದು ಕೇಳುವುದಿಲ್ಲ. ಮರಿ ಸತ್ತರೆ “ಸಾಕಲು ಬರಲ್ಲ” ಎನ್ನುತ್ತೇವೆ. ಮರಿ ಕೊಡುವ ದಿನವೇ ನೀರಿನ ಪಾತ್ರೆ ಮಾಡುವುದನ್ನೂ ತೋರಿಸಿಕೊಡಬೇಕು ಎಂಬುದು ನನ್ನ ಒತ್ತಾಯ. ನಮ್ಮ ಮಹಿಳಾ ಸಂಘಗಳ ಸಭೆಯಲ್ಲಿ ಫ್ಯಾಟು, ಎಸ್‌ಎನ್‌ಎಫ್, ಹಿಂಡಿ ದರದ ನಡುವೆ ಅರ್ಧ ಗಂಟೆ ಕೋಳಿಗೂ ಸಿಗಲಿ. ಕೋಳಿ ಒಕ್ಕೂಟದ ಲೆಕ್ಕಪುಸ್ತಕದಲ್ಲಿ ಇಲ್ಲದಿರಬಹುದು. ನಿಮ್ಮ ಸೆರಗಿನ ಗಂಟಿನಲ್ಲಿ ಇದೆ.

ಮುಂದಿನ ಸಲ ನಾನು ಬಂದಾಗ “ಕೋಳಿಮರಿ ನೋಡಿ ಡಾಕ್ಟ್ರೇ” ಎನ್ನುವ ಮೊದಲು ನಿಮ್ಮ ಕ್ಯಾನು ತೋರಿಸಿ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿರುತ್ತೀರಿ ಎಂಬ ನಂಬಿಕೆ ನನಗಿದೆ. ಹಾಗಿದ್ದರೆ ಅದನ್ನೇ ಪಕ್ಕದ ಊರಿನ ಸಂಘಕ್ಕೂ ತೋರಿಸೋಣ.