ಶಾಲೆಗೆ ಟಿ.ವಿ. ಬಂತು, ಟೈಮ್‌ಟೇಬಲ್ ಎಲ್ಲಿ?

ಕಾರವಾರ ಸ್ಟ್ಯಾಂಡಿನಿಂದ ಸುಂಕೇರಿ ದಾಟಿ ಕದ್ವಾಡದ ಕಡೆ ಹೋಗುವವರ ಬಾಯಲ್ಲಿ ಈಗ ಆಗಾಗ ಬರುವ ಮಾತು: ನಮ್ಮೂರ ಶಾಲೆಗೂ ಒಂದು 'ಸ್ಮಾರ್ಟ್ ಕ್ಲಾಸ್' ಬೇಕು. ಬೇಕು, ಖಂಡಿತ ಬೇಕು. ಪೇಟೆಯ ಮಕ್ಕಳು ಗೋಡೆಯ ಪರದೆಯ ಮೇಲೆ ಭೂಮಿ ತಿರುಗುವುದನ್ನು ನೋಡುವಾಗ ಕಾಳಿ ದಂಡೆಯ ಬಡವರ ಮಕ್ಕಳು ಹರಿದ ನಕಾಶೆ ನೋಡ್ತಾ ಕೂತಿರಲಿ ಅಂತ ಯಾರೂ ಹೇಳುವುದಿಲ್ಲ.

ನಮ್ಮ ತಕರಾರು ಬೇರೆ. ಸಾರಿಗೆ ಸಂಸ್ಥೆಯವರು ಹೊಸ ಬಸ್ಸು ತಂದು ಡಿಪೋದಲ್ಲಿ ನಿಲ್ಲಿಸಿದರು ಅನ್ನಿ. ರೂಟು ಯಾವುದು, ಎಷ್ಟು ಗಂಟೆಗೆ ಬಿಡ್ತದೆ, ಡ್ರೈವರ್ ಯಾರು, ಡೀಸೆಲ್ ಯಾರ ಲೆಕ್ಕಕ್ಕೆ, ಕೆಟ್ಟರೆ ರಿಪೇರಿ ಎಲ್ಲಿ, ಇದ್ಯಾವುದನ್ನೂ ನಿಕ್ಕಿ ಮಾಡದೆ ಹಾರ ಹಾಕಿ, ರಿಬ್ಬನ್ ಕತ್ತರಿಸಿ ಹೋದರೆ ನೀವು ಸುಮ್ಮನಿರ್ತೀರಾ? ಸ್ಟ್ಯಾಂಡಿನಲ್ಲೇ ಗಲಾಟೆ ಆಗ್ತದೆ. ಆದರೆ ಶಾಲೆಗೆ ಟಿ.ವಿ., ಕಂಪ್ಯೂಟರ್, ಟ್ಯಾಬ್ಲೆಟ್ ಬಂದಾಗ ಮಾತ್ರ ನಾವೆಲ್ಲ ಚಪ್ಪಾಳೆ ತಟ್ಟಿ, ಸಿರಾ ತಿಂದು ಮನೆಗೆ ಹೋಗ್ತೇವೆ.

ಆಮೇಲೆ ಏನಾಗ್ತದೆ? ಪೆಟ್ಟಿಗೆ ಹೆಡ್‌ಮಾಸ್ತರರ ಕೋಣೆ ಸೇರ್ತದೆ. ಧೂಳು ಬೀಳಬಾರದು ಅಂತ ಮೇಲೆ ಬಟ್ಟೆ ಹೊದೆಸ್ತಾರೆ. ಮಕ್ಕಳು ಮುಟ್ಟಿ ಕೆಟ್ಟರೆ ಜವಾಬು ಕೊಡಬೇಕಾದವರು ಅವರು ತಾನೆ? ಸರಕಾರಿ ದಫ್ತರದಲ್ಲಿ ಇಂಥ ಸಾಮಾನು ಬರೆದಿಡುವ ಪುಸ್ತಕದ ಹೆಸರೇ 'ಡೆಡ್ ಸ್ಟಾಕ್ ರಜಿಸ್ಟರ್'. ಹೆಸರಿಗೆ ತಕ್ಕ ಹಾಗೆ ಆ ಯಂತ್ರ ಅಲ್ಲೇ ಪ್ರಾಣ ಬಿಡ್ತದೆ.

ಇದು ನಗುವ ವಿಷಯವಲ್ಲ. ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ ಹೊರಡುವ ಶಾಲಾ ವ್ಯಾನುಗಳನ್ನು ಎಣಿಸಿ ನೋಡಿ. ಒಂದೊಂದು ವ್ಯಾನು ಹೊರಟಾಗಲೂ ಒಂದು ಸರಕಾರಿ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗ್ತದೆ. ಇದ್ದ ಮಕ್ಕಳನ್ನು ಉಳಿಸಿಕೊಳ್ಳಲು ಟಿ.ವಿ. ಎಂಬ ಗಾಳ ಹಾಕುವುದು ತಪ್ಪಲ್ಲ. ಆದರೆ ಎರೆ ಇಲ್ಲದ ಗಾಳಕ್ಕೆ ಮೀನು ಎಷ್ಟು ದಿನ ಬಂದೀತು? ಮಗ ಓದಲು ಕಲಿತನೋ ಇಲ್ಲವೋ ಎಂಬುದು ತಾಯಿ-ತಂದೆಗೆ ಒಂದು ವರ್ಷದೊಳಗೆ ಗೊತ್ತಾಗ್ತದೆ. ಗೊತ್ತಾದ ಮೇಲೆ ಬೋರ್ಡು ನೋಡಿ ಯಾರೂ ನಿಲ್ಲುವುದಿಲ್ಲ.

ಆಕಾಶದಿಂದ ಬಂದ ಪಾಠ

ಯಂತ್ರ ತಂದು ಶಾಲೆ ಸುಧಾರಿಸುವ ಆಟ ಹೊಸತೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಂತು. 'ಸೈಟ್' ಅಂತ ಅದರ ಹೆಸರು. ನಮ್ಮ ರಾಜ್ಯದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ಪಾಠ. ದೇಶವೇ ಬಾಯಿ ತೆರೆದು ನೋಡಿತು. 1976ರ ಜುಲೈ 31ಕ್ಕೆ ಕರಾರು ಮುಗಿಯಿತು, ಉಪಗ್ರಹ ಬೇರೆ ಕಡೆ ಹೊರಟಿತು, ಪಾಠ ನಿಂತಿತು. ಮರುವರ್ಷ, 1977ರಲ್ಲಿ, ಕಲಬುರಗಿಯಲ್ಲೇ ದೂರದರ್ಶನ ಕೇಂದ್ರ ಆಯಿತು. ನೆಲದ ಮೇಲೆ ಕಟ್ಟಿದ್ದು ಉಳಿಯಿತು, ಎರವಲು ತಂದದ್ದು ಹೋಯಿತು.

2004ರ ಸೆಪ್ಟೆಂಬರಿನಲ್ಲಿ ನಮ್ಮದೇ 'ಎಜುಸ್ಯಾಟ್' ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಡಿಶ್ ಕೂರಿಸಿ ಪಾಠ ಕಳಿಸಿದರು. 2010ಕ್ಕೆ ಆ ಉಪಗ್ರಹದ ಆಯುಷ್ಯವೂ ಮುಗಿಯಿತು. ಯಂತ್ರಕ್ಕೆ ಆಯುಷ್ಯ ಇದೆ ಸ್ವಾಮಿ, ಅದು ಮುಗಿದ ಮರುದಿನ ಏನು ಮಾಡ್ತೀರಿ ಅಂತ ಮೊದಲೇ ಬರೆದಿಡಬೇಕು. ಯುನೆಸ್ಕೋ 2023ರಲ್ಲಿ ಹೊರತಂದ ಜಾಗತಿಕ ವರದಿಯ ಪ್ರಕಾರ ಇಂಥ ಶೈಕ್ಷಣಿಕ ತಂತ್ರಜ್ಞಾನದ ಸರಕು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗ್ತದೆ. ಅಂದರೆ ಒಂದನೇ ಇಯತ್ತೆಗೆ ಸೇರಿದ ಹುಡುಗ ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಇವತ್ತಿನ 'ಲೇಟೆಸ್ಟ್' ಹಳತಾಗಿರ್ತದೆ.

ದೂರದ ಪೆರು ದೇಶದ ಕತೆ ಇನ್ನೂ ದುಬಾರಿ. ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಹೇಳಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಹಂಚಿದರು. 319 ಹಳ್ಳಿ ಶಾಲೆಗಳಲ್ಲಿ ಪರೀಕ್ಷೆ ಮಾಡಿದ ವರದಿ 2012ರಲ್ಲಿ ಹೊರಬಂತು. ಲೆಕ್ಕದಲ್ಲೂ ಭಾಷೆಯಲ್ಲೂ ಫರಕು ಕಾಣಲಿಲ್ಲ. ಪೆಟ್ಟಿಗೆ ಕೊಟ್ಟಿದ್ದರು, ಅದರಿಂದ ಹೇಗೆ ಕಲಿಸಬೇಕು ಅಂತ ಮಾಸ್ತರರಿಗೆ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. 2001ರಲ್ಲೇ ಶುರು ಮಾಡಿದರು. ಯಂತ್ರದ ಜೊತೆಗೆ ಶಿಕ್ಷಕರ ತರಬೇತಿ ಹಿಡಿದರು. ಪ್ರತಿ ಕಂಪ್ಯೂಟರಿಗೂ ಲೈಸೆನ್ಸ್ ಫೀ ಕಟ್ಟುವ ಬದಲು ಮುಕ್ತ ತಂತ್ರಾಂಶ ಹಾಕಿಕೊಂಡರು. 'ಕೈಟ್' ಎಂಬ ಸಂಸ್ಥೆಯನ್ನೇ ಮಾಡಿ ಯಂತ್ರಗಳ ಮೇಲುಸ್ತುವಾರಿಯನ್ನು ಅದಕ್ಕೆ ಒಪ್ಪಿಸಿದರು. ಕಾಸರಗೋಡಿನ ಕನ್ನಡ ಶಾಲೆಗಳೂ ಇದರೊಳಗೆ ಬಂದವು. ಅಲ್ಲಿ ಪೆಟ್ಟಿಗೆಗೆ ಯಜಮಾನ ಇದ್ದಾನೆ. ಇಲ್ಲಿ ಯಾರು?

ದುಡ್ಡಿನ ಲೆಕ್ಕ

ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರಿಜ್ ಕೊಳ್ಳುವ ಮೊದಲು ಕರೆಂಟ್ ಬಿಲ್ಲು ಎಷ್ಟು ಏರ್ತದೆ, ತಂಪು ಪಾನೀಯ ಎಷ್ಟು ಖರ್ಚಾಗ್ತದೆ ಅಂತ ನೀವು ಲೆಕ್ಕ ಹಾಕಿಯೇ ಹಾಕ್ತೀರಿ.

ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಸ್ಮಾರ್ಟ್ ಕ್ಲಾಸಿಗೆ ಒಮ್ಮೆ ಕೊಡುವ ಹಣ 2.40 ಲಕ್ಷ ರೂ.ವರೆಗೆ; ನಡೆಸುವ ಖರ್ಚಿಗೆ ವರ್ಷಕ್ಕೆ 38 ಸಾವಿರ ರೂ.ವರೆಗೆ. ಅಂದರೆ ಯಂತ್ರದ ಬೆಲೆಯ ಹತ್ತಿರ ಹತ್ತಿರ ಆರನೇ ಒಂದು ಭಾಗ ವರ್ಷ ವರ್ಷವೂ ಬೇಕು ಅಂತ ಸರಕಾರವೇ ಒಪ್ಪಿಕೊಂಡ ಹಾಗಾಯಿತು. ಈ ಸವಲತ್ತು ಇರುವುದು 6ನೇ ತರಗತಿ ಮತ್ತು ಅದರ ಮೇಲಿನವರಿಗೆ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಟಿ.ವಿ. ಬಂದರೆ ಅದು ಹೆಚ್ಚಾಗಿ ದಾನಿಗಳಿಂದ, ಕಂಪನಿಗಳಿಂದ, ಶಾಸಕರ ನಿಧಿಯಿಂದ ಬರಬೇಕು. ದಾನಿ ಟಿ.ವಿ. ಕೊಡ್ತಾನೆ, ಫೋಟೋ ತೆಗೆಸ್ತಾನೆ, ಹೋಗ್ತಾನೆ. ಆರನೇ ಒಂದು ಭಾಗ ಕೊಡುವವರು ಯಾರು?

ಶಾಲೆಗೆ ವರ್ಷಕ್ಕೆ ಬರುವ ಅನುದಾನ ನೋಡಿ. 30 ಮಕ್ಕಳೊಳಗಿನ ಶಾಲೆಗೆ 10 ಸಾವಿರ, 100ರೊಳಗಿನದಕ್ಕೆ 25 ಸಾವಿರ. ಇದರಲ್ಲೇ ಸೀಮೆಸುಣ್ಣ, ಕಾಗದ, ನಲ್ಲಿ ರಿಪೇರಿ, ಕಸಬರಿಗೆ, ಶೌಚಾಲಯ ಸ್ವಚ್ಛ ಮಾಡುವ ಖರ್ಚು. ಇಂಟರ್ನೆಟ್ಟಿಗೆ, ಬ್ಯಾಟರಿಗೆ ಅದರಿಂದ ಎಷ್ಟು ಉಳೀತದೆ? ಆನೆ ಕೊಟ್ಟು ಅಂಕುಶಕ್ಕೆ ಜಗಳ ಅಂದರೆ ಇದೇ.

ಕಂಪನಿಗಳ ಮೇಲೂ ಒಂದು ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2 ಶೇಕಡಾ ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮ ತಾಲೂಕಿನಲ್ಲೇ ಕೈಗಾ ಇದೆ. ಅಂಥವರು ಶಾಲೆಗೆ ಹಣ ಕೊಡುವಾಗ ಯಂತ್ರದ ಬಿಲ್ಲಿನ ಜೊತೆ ಐದು ವರ್ಷದ ನಿರ್ವಹಣೆಯನ್ನೂ ಸೇರಿಸಿ ಕೊಡಲಿ. ಎರಡು ಟಿ.ವಿ. ಬದಲು ಒಂದೇ ಕೊಡಲಿ, ಆದರೆ ಅದು ಐದು ವರ್ಷ ನಡೆಯಲಿ.

ಕರೆಂಟು ಮತ್ತು ಕಾಳಿ

ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ವಿದ್ಯುತ್ ಮಾಡಿ ಜಾಗತಿಕ ದಾಖಲೆ ಬರೆಯಿತು. ಕದ್ರಾದಲ್ಲಿ ಜಲವಿದ್ಯುತ್, ಕೊಡಸಳ್ಳಿಯಲ್ಲಿ ಜಲವಿದ್ಯುತ್. ಇಷ್ಟೆಲ್ಲ ನಮ್ಮ ನದಿಯ ಮೇಲೆಯೇ. ಆದರೂ ಜೂನ್ ತಿಂಗಳ ಮೊದಲ ಗಾಳಿಗೆ ಒಂದು ತೆಂಗಿನ ಹೆಡೆ ತಂತಿ ಮೇಲೆ ಬಿತ್ತು ಅಂದರೆ ಹಳ್ಳಿಯ ಕರೆಂಟು ಯಾವಾಗ ಬರ್ತದೆ ಅಂತ ಹೆಸ್ಕಾಂ ಲೈನ್‌ಮನ್ನಿಗೂ ಹೇಳಲಾಗುವುದಿಲ್ಲ. ಸರಕಾರಿ ಶಾಲೆಗಳಿಗೆ ವಿದ್ಯುತ್ ಪುಕ್ಕಟೆ ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸಾರಿದ್ದು ಒಳ್ಳೆಯದೇ. ಪುಕ್ಕಟೆ ಆದ ಮಾತ್ರಕ್ಕೆ ಮಳೆಗಾಲದಲ್ಲಿ ಕರೆಂಟು ನಿಲ್ಲುವುದಿಲ್ಲ ಎಂದಲ್ಲವಲ್ಲ? ಶಾಲೆ ಶುರುವಾಗುವುದು ಮಳೆಗಾಲದ ಬಾಗಿಲಲ್ಲಿ. ಇನ್ವರ್ಟರ್ ಇಲ್ಲದೆ ಪರದೆ ಕೂರಿಸುವವರು ನಮ್ಮ ಜೂನ್-ಜುಲೈ ನೋಡಿದವರಲ್ಲ.

ಇನ್ನು ನೀರು. 2019ರ ಆಗಸ್ಟಿನಲ್ಲಿ ಕದ್ರಾ ಗೇಟು ತೆಗೆದಾಗ ನಮ್ಮ ದಂಡೆಯ ಊರುಗಳಿಗೆ ಕಾಳಿ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕಪಾಟು, ಪೆಟಾರಿ, ಅಕ್ಕಿ ಡಬ್ಬ ತೇಲಿದ ಊರಲ್ಲಿ ಕಂಪ್ಯೂಟರಿನ ಪ್ಲಗ್ಗು ನೆಲದಿಂದ ಒಂದು ಅಡಿ ಮೇಲೆ ಇಟ್ಟರೆ ಹೇಗೆ? ಎತ್ತರದಲ್ಲಿ ಕೂರಿಸಬೇಕು. ನೀರು ಬಿಡುವ ಸುದ್ದಿ ಬಂದ ಕೂಡಲೇ ಯಾರು ಬಿಚ್ಚಿ ಎಲ್ಲಿಗೆ ಸಾಗಿಸಬೇಕು ಅಂತ ಹೆಸರು ಹಾಕಿ ಬರೆದಿಡಬೇಕು. ಸಿಡಿಲಿಗೆ ಅರ್ತಿಂಗ್ ಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿಯುವುದಕ್ಕೆ ಮದ್ದು ಒಂದೇ: ದಿನಾ ಉಪಯೋಗ ಮಾಡುವುದು. ಬಟ್ಟೆ ಹೊದೆಸಿ ಇಟ್ಟ ಯಂತ್ರ ಬೇಗ ಸಾಯ್ತದೆ.

ಯಾರಿಗೆ, ಯಾವ ಭಾಷೆಯಲ್ಲಿ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ನಮ್ಮಲ್ಲಿ ಬಹಳ ಮಕ್ಕಳು ಮನೆಯಲ್ಲಿ ಆಡುವುದು ಕೊಂಕಣಿ. ಶಾಲೆಯ ಕನ್ನಡ ಅವರಿಗೆ ಆರನೇ ವರ್ಷಕ್ಕೆ ಸಿಗುವ ಎರಡನೇ ಭಾಷೆ. ಬೆಂಗಳೂರಿನಲ್ಲಿ ತಯಾರಾದ ಪಾಠದಲ್ಲಿ ಹೆಂಗಸೊಬ್ಬಳು ಗಡಗಡ ಕನ್ನಡ ಮಾತಾಡಿದರೆ ಒಂದನೇ ಇಯತ್ತೆಯ ಪೋರ ಬಣ್ಣ ನೋಡ್ತಾನೆ, ಮಾತು ಹಿಡಿಯುವುದಿಲ್ಲ. ಅಕ್ಕೋರು ನಡುವೆ ನಿಲ್ಲಿಸಿ ಕೊಂಕಣಿಯಲ್ಲಿ ಒಂದು ಮಾತು, ಕನ್ನಡದಲ್ಲಿ ಒಂದು ಮಾತು ಹೇಳಿದರೆ ಮಾತ್ರ ಅದು ಪಾಠ ಆಗ್ತದೆ. ಪರದೆ ಹಚ್ಚಿಟ್ಟು ಅವರು ಬಿಸಿಯೂಟದ ಲೆಕ್ಕ ಬರೆಯಲು ಹೋದರೆ ಅದು ಸಿನೇಮಾ.

ಸಣ್ಣವರಿಗೆ ಪರದೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಸಣ್ಣ ತರಗತಿಗಳಿಗೆ ನಮ್ಮಲ್ಲಿ 'ನಲಿ-ಕಲಿ' ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಬೆಳೆಸಿದ ಪದ್ಧತಿ. ಕಾರ್ಡು, ಹಾಡು, ಗುಂಪು, ಕೈಕೆಲಸ. ಅದನ್ನು ಕೆಡಿಸಬಾರದು. ಕೋವಿಡ್ ಕಾಲದಲ್ಲಿ, 2020ರ ಜುಲೈಯಲ್ಲಿ, ಕೇಂದ್ರ ಸರಕಾರದ ಸೂಚನೆಯಲ್ಲೇ 8ನೇ ತರಗತಿವರೆಗಿನವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡೇ ಆನ್‌ಲೈನ್ ಪಾಠ ಅಂತ ಮಿತಿ ಹಾಕಿದ್ದರು. ಶಾಲೆ ಮುಚ್ಚಿದ್ದಾಗಲೇ ಅಷ್ಟು ಅಂದ ಮೇಲೆ, ಎದುರಿಗೆ ಮಾಸ್ತರರಿರುವಾಗ ಹದಿನೈದು-ಇಪ್ಪತ್ತು ನಿಮಿಷ ಸಾಕು.

ಹಾಗಾದರೆ ಪರದೆ ಯಾತಕ್ಕೆ? ಕಣ್ಣಿಗೆ ಕಾಣದ್ದನ್ನು ಕಾಣಿಸಲು. ಗ್ರಹಣ, ಎದೆಯೊಳಗಿನ ಬಡಿತ, ಮರುಭೂಮಿ, ಹಿಮ. ಕಾಳಿ ನದಿ ಎಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ದಾಟಿ ನಮ್ಮೂರ ಪಕ್ಕದಲ್ಲಿ ಸಮುದ್ರ ಸೇರ್ತದೆ ಅಂತ ಉಪಗ್ರಹ ನಕಾಶೆಯಲ್ಲಿ ತೋರಿಸಿದರೆ ನಾಲ್ಕನೇ ಇಯತ್ತೆಯ ಮಗು ಜನ್ಮದಲ್ಲಿ ಮರೆಯುವುದಿಲ್ಲ. ಮಗು ಓದಿದ್ದನ್ನು ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸಿದರೆ ತಪ್ಪು ತಾನೇ ತಿದ್ದಿಕೊಳ್ತದೆ. ಪಠ್ಯಪುಸ್ತಕದ 'ದೀಕ್ಷಾ' ಕೋಡಿನ ಪಾಠಗಳನ್ನು ನೆಟ್‌ವರ್ಕ್ ಇದ್ದಲ್ಲಿ ಇಳಿಸಿಕೊಂಡು ಬಂದರೆ ಶಾಲೆಯಲ್ಲಿ ಟವರ್ ಇಲ್ಲದಿದ್ದರೂ ನಡೀತದೆ. ಆದರೆ ಕಪ್ಪೆ ನೋಡಲು, ಕಾಂಡ್ಲಾ ಗಿಡ ನೋಡಲು ಪರದೆ ಬೇಡ. ಹೊಳೆ ಹತ್ತಿರವೇ ಇದೆ.

ಒಂದು ಹಾಳೆ ಸಾಕು

ಪ್ರತಿ ಸರಕಾರಿ ಶಾಲೆಗೂ ಎಸ್.ಡಿ.ಎಂ.ಸಿ. ಉಂಟು. ಅದರಲ್ಲಿ ಕೂತಿರುವವರು ನೀವೇ, ಮಕ್ಕಳ ಪಾಲಕರು. ದೊಡ್ಡ ಯೋಜನಾ ವರದಿ ಬೇಡ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ:

ಯಾವ ತರಗತಿಗೆ, ಯಾವ ಪಾಠಕ್ಕೆ, ವಾರಕ್ಕೆ ಎಷ್ಟು ನಿಮಿಷ? ನಡೆಸುವ ಶಿಕ್ಷಕರು ಯಾರು, ಅವರಿಗೆ ತರಬೇತಿ ಯಾವಾಗ, ಅವರಿಗೆ ವರ್ಗ ಆದರೆ ಎರಡನೆಯವರು ಯಾರು? ನಿರ್ವಹಣೆಯ ಹಣ ಐದು ವರ್ಷ ಎಲ್ಲಿಂದ? ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ, ಯಾರಿಂದ? ಮಳೆ-ನೆರೆಗೆ ಏರ್ಪಾಡು ಏನು? ಮಕ್ಕಳ ಫೋಟೋ, ಹೆಸರು, ಫೋನ್ ನಂಬರು ಯಾವ ಕಂಪನಿಯ ಕೈಗೆ ಹೋಗ್ತದೆ? ವರ್ಷದ ಕೊನೆಗೆ ಮಗುವಿಗೆ ಏನು ಹೆಚ್ಚು ಬಂತು ಅಂತ ನೋಡುವುದು ಹೇಗೆ?

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಜೂನ್‌ನಲ್ಲಿ ಒಂದು ಪುಟ ಓದಿಸಿ, ಎರಡು ಲೆಕ್ಕ ಮಾಡಿಸಿ ಬರೆದಿಡಿ. ಮಾರ್ಚಿನಲ್ಲಿ ಮತ್ತೆ ಮಾಡಿಸಿ. ಫರಕು ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ವಿಧಾನ ಬದಲಿಸಿ.

ಶಿಕ್ಷಣ ಖಾತೆಯವರಲ್ಲಿ ನಮ್ಮ ಕೋರಿಕೆ ಎರಡೇ. ಒಂದು, ಈ ಹಾಳೆ ಇಲ್ಲದ ಶಾಲೆಗೆ ಪೆಟ್ಟಿಗೆ ಇಳಿಸಬೇಡಿ. ಬರೆಯಲು ಬಾರದಿದ್ದರೆ ಕೂತು ಬರೆಸಿ. ಎರಡು, ಉಪಯೋಗ ಮಾಡಿ ಕೆಟ್ಟ ಯಂತ್ರಕ್ಕೆ ಹೆಡ್‌ಮಾಸ್ತರರನ್ನು ಹೊಣೆ ಮಾಡಬೇಡಿ. ಉಪಯೋಗ ಮಾಡದೆ ಹೊಸದಾಗಿಯೇ ಉಳಿದ ಯಂತ್ರಕ್ಕೆ ಮಾತ್ರ ಜವಾಬು ಕೇಳಿ. ಇದೊಂದು ಆದೇಶ ಹೊರಟರೆ ತಾಲೂಕಿನ ಎಷ್ಟೋ ಕೋಣೆಗಳಲ್ಲಿ ಹೊದೆಸಿಟ್ಟ ಬಟ್ಟೆಗಳು ನಾಳೆಯೇ ಎದ್ದು ಹೋಗ್ತವೆ.

ಪಾಲಕರಲ್ಲಿ ಒಂದೇ ಮಾತು. ಮುಂದಿನ ಸಲ ಯಾರಾದರೂ ಶಾಲೆಗೆ ಟಿ.ವಿ. ತಂದು ನಿಮ್ಮನ್ನು ಕಾರ್ಯಕ್ರಮಕ್ಕೆ ಕರೆದರೆ ಹೋಗಿ, ಹಾರ ಹಾಕಿ, ಸಿರಾ ತಿನ್ನಿ. ಆಮೇಲೆ ಎದ್ದು ನಿಂತು ಕೇಳಿ: ಇದರ ಟೈಮ್‌ಟೇಬಲ್ ಎಲ್ಲಿ?