ಅರೆಬೆಂದ ನಾಟಕಕ್ಕೂ ಮಠದ ಅಂಗಳದಲ್ಲಿ ಜಾಗ ಬೇಕು

ನಮ್ಮ ಮಠಗಳಿಗೆ ನಾಟಕ ಹೊಸದಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದನ್ನು ಓದಿ, 'ಈ ನಿವೃತ್ತ ಇಂಜಿನಿಯರಿಗೆ ಮಠಗಳು ಮಾಡಿದ ಕೆಲಸ ಕಣ್ಣಿಗೆ ಬಿದ್ದಿಲ್ಲವೇ' ಎಂದು ಕೇಳುವವರಿದ್ದಾರೆ. ಬಿದ್ದಿದೆ. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ತಾವೇ ಕೂತು 'ಮರಣವೇ ಮಹಾನವಮಿ' ನಾಟಕ ಬರೆದರು. ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು, 1997ರಲ್ಲಿ ಶಿವಸಂಚಾರವನ್ನು ಕಟ್ಟಿದರು. ವರ್ಷಕ್ಕೆ ಮೂರು ನಾಟಕ ಸಿದ್ಧಪಡಿಸಿ, ನವೆಂಬರಿನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ಊರೂರು ತಿರುಗುವ ತಂಡ ಅದು. ಒಂದು ಹಳ್ಳಿಯ ಮಠ ನಾಡಿನ ರಂಗಭೂಮಿಯ ನಕ್ಷೆಯಲ್ಲಿ ಹೀಗೆ ಜಾಗ ಪಡೆದದ್ದು ನಮಗೆಲ್ಲ ಹೆಮ್ಮೆಯ ವಿಷಯ. ಇನ್ನು ನಮ್ಮ ತುಮಕೂರು ಸೀಮೆಯ ಮಾತು ಬಂದರೆ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರಿನಲ್ಲೇ ಚನ್ನಬಸವೇಶ್ವರರಿದ್ದಾರೆ. ಗುಬ್ಬಿ ವೀರಣ್ಣನವರ ನೆಲದವರು ನಾವು. ನಾಟಕ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹಾಗಾದರೆ ತಕರಾರು ಏನು? ತಕರಾರು ಇಷ್ಟೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಾವು ನಾಟಕವನ್ನು ಪ್ರಸಾದದಂತೆ ಸ್ವೀಕರಿಸುವುದನ್ನು ಮಾತ್ರ ಕಲಿತಿದ್ದೇವೆ. ಬೇರೆಡೆ ಸಿದ್ಧವಾದದ್ದು ಲಾರಿಯಲ್ಲಿ ಬರುತ್ತದೆ, ನಾವು ಪೆಂಡಾಲು ಹಾಕಿಸುತ್ತೇವೆ, ನೋಡುತ್ತೇವೆ, ಕಲಾವಿದರಿಗೆ ಶಾಲು ಹೊದಿಸುತ್ತೇವೆ, ಮನೆಗೆ ಹೋಗುತ್ತೇವೆ. ಹೊಸ ನಾಟಕವೊಂದು ನಮ್ಮ ನಡುವೆ ಹುಟ್ಟುವುದನ್ನು, ಎಡವುವುದನ್ನು, ತಿದ್ದಿಕೊಳ್ಳುವುದನ್ನು ನಾವು ನೋಡಿಯೇ ಇಲ್ಲ. ಬರೆಯುತ್ತಿರುವ, ಇನ್ನೂ ಮುಗಿಯದ ಹೊಸ ನಾಟಕಗಳನ್ನು ಜನರ ಮುಂದಿಟ್ಟು ಪರೀಕ್ಷಿಸುವ ಒಂದು ನಾಟಕೋತ್ಸವ ತಿಪಟೂರಿನಲ್ಲಿ, ಮಠದ ಅಂಗಳದಲ್ಲೇ, ಪ್ರತಿ ವರ್ಷ ನಡೆಯಬೇಕು. ಅದು ನಡೆಯದಿರುವುದಕ್ಕೆ ದುಡ್ಡಿನ ಕೊರತೆ ಕಾರಣವಲ್ಲ, ನಮ್ಮ ಅಂಜಿಕೆ ಕಾರಣ.

ನಮ್ಮ ಉತ್ಸವಗಳ ಆಹ್ವಾನ ಪತ್ರಿಕೆಗಳನ್ನು ತೆಗೆದು ನೋಡಿ. ಬಸವಣ್ಣನವರ ಕಲ್ಯಾಣ, ಅಕ್ಕನ ಕದಳಿ, ಅಲ್ಲಮಪ್ರಭುಗಳ ಮಹಿಮೆ. ಶರಣರ ಚರಿತ್ರೆ ರಂಗದ ಮೇಲೆ ಬರಲಿ, ಬರಲೇಬೇಕು. ಆದರೆ ಕಲ್ಯಾಣದಲ್ಲಿ ಬಿಜ್ಜಳ ಮಾಡಿದ ತಪ್ಪನ್ನು ನೋಡಿ ಕಣ್ಣೀರು ಹಾಕುವುದು ಸುಲಭ. ನಮ್ಮ ತೋಟದಲ್ಲಿ ನಾವು ಮಾಡುತ್ತಿರುವುದನ್ನು ನೋಡುವುದು ಕಷ್ಟ. ಎಂಟುನೂರು ವರ್ಷಗಳ ಹಿಂದಿನ ಎಳೆಹೂಟೆ ನಮ್ಮನ್ನು ಅಳಿಸುತ್ತದೆ. ಪಕ್ಕದ ಊರಿನಲ್ಲಿ ಒಳಪಂಗಡ ಮೀರಿ ಮದುವೆಯಾದ ಹುಡುಗಿಗೆ ತವರಿನ ಬಾಗಿಲು ಮುಚ್ಚಿದಾಗ ನಮ್ಮ ಕಣ್ಣು ಒದ್ದೆಯಾಗುವುದಿಲ್ಲ.

ನಮ್ಮ ಸೀಮೆಯ ಒಂದು ಸಂಗತಿ ಹೇಳುತ್ತೇನೆ. ಊರು, ಸಮಿತಿ, ವ್ಯಕ್ತಿಗಳ ಹೆಸರು ಬೇಡ. ಅದು ಒಂದೇ ಊರಿನ ಕಥೆಯೂ ಅಲ್ಲ. ಶಾಲಾ ಶಿಕ್ಷಕಿಯೊಬ್ಬಳು ಬಸವ ಜಯಂತಿಗೆಂದು ಒಂದು ನಾಟಕ ಬರೆದಳು. ತೋಟದ ಮನೆಯೊಂದರಲ್ಲಿ ಕಾಯಿ ಸುಲಿಯುವ ಕೂಲಿಯವನು ಲಿಂಗದೀಕ್ಷೆ ಪಡೆದಿದ್ದಾನೆ, ದಿನವೂ ಪೂಜೆ ಮಾಡುತ್ತಾನೆ. ಯಜಮಾನನ ಮಗಳ ಮದುವೆಯಲ್ಲಿ ಅವನಿಗೆ ಎಲೆ ಹಾಕುವುದು ಯಾವ ಪಂಕ್ತಿಯಲ್ಲಿ ಎಂಬುದೇ ನಾಟಕ. ಹಿರಿಯನೆಂದು ನನಗೂ ಹಸ್ತಪ್ರತಿ ಓದಲು ಕೊಟ್ಟರು. ನಾಟಕ ಪೂರ್ತಿ ಹದವಾಗಿರಲಿಲ್ಲ. ಎರಡನೆಯ ದೃಶ್ಯ ಉದ್ದವಾಗಿತ್ತು, ಕೊನೆಯಲ್ಲಿ ಪಾತ್ರಗಳು ಮಾತು ಬಿಟ್ಟು ಭಾಷಣಕ್ಕೆ ನಿಂತಿದ್ದವು. ಆದರೆ ಯಜಮಾನನ ಹೆಂಡತಿ ಎಲೆ ಕೈಯಲ್ಲಿ ಹಿಡಿದು ಯಾವ ಕಡೆಗೂ ಹೋಗಲಾರದೆ ನಿಲ್ಲುವ ಒಂದು ದೃಶ್ಯವಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಮಿತಿಯವರು ಹಸ್ತಪ್ರತಿ ವಾಪಸು ಕೊಟ್ಟರು. ದೃಶ್ಯ ಉದ್ದವಾಯಿತು ಎಂದಲ್ಲ. 'ಇದು ಬ್ಯಾಡ ಕಣಮ್ಮ, ಅಕ್ಕಮಹಾದೇವಿ ಮೇಲೆ ಒಂದು ಬರ್ಕೊಡು, ಜೋರಾಗಿ ಮಾಡ್ಸಾಣ' ಎಂದರು. ಆ ಹೆಣ್ಣುಮಗಳು ಆಮೇಲೆ ಏನೂ ಬರೆದಿಲ್ಲ.

ಇಲ್ಲಿ ಎರಡು ನಷ್ಟವಾದವು. ಒಂದು, ಆ ನಾಟಕದ ತಪ್ಪುಗಳನ್ನು ಯಾರೂ ಅವಳಿಗೆ ತೋರಿಸಲಿಲ್ಲ. ಎರಡು, ಆ ನಾಟಕ ನಮ್ಮ ತಪ್ಪನ್ನು ನಮಗೆ ತೋರಿಸಲಾಗಲಿಲ್ಲ.

ನಾನು ಸರ್ಕಾರದ ಕೆಲಸದಲ್ಲಿ ಕಾಂಕ್ರೀಟಿನ ಜೊತೆ ಬದುಕಿದವನು. ಸೇತುವೆಗೆ ಕಾಂಕ್ರೀಟು ಹಾಕುವಾಗ ಅದೇ ಮಾಲಿನಿಂದ ಹದಿನೈದು ಸೆಂಟಿಮೀಟರಿನ ಕ್ಯೂಬುಗಳನ್ನು ಮಾಡಿ, 7 ದಿನಕ್ಕೆ ಕೆಲವನ್ನು, 28 ದಿನಕ್ಕೆ ಕೆಲವನ್ನು ಯಂತ್ರದಲ್ಲಿಟ್ಟು ಒಡೆಯುತ್ತೇವೆ. ಒಡೆಯುವುದಕ್ಕೆಂದೇ ಮಾಡಿದ ಕ್ಯೂಬು ಅದು. ಬೇಗ ಒಡೆದರೆ ಯಾರೂ ಅದಕ್ಕೆ ಅವಮಾನ ಮಾಡುವುದಿಲ್ಲ, ಮುಂದಿನ ಮಾಲನ್ನು ಸರಿಮಾಡುತ್ತಾರೆ. ಅಣೆಕಟ್ಟಿನ ಕೋಡಿ ಕಟ್ಟುವ ಮುಂಚೆ ಅದರ ಚಿಕ್ಕ ಮಾದರಿ ಮಾಡಿ ನೀರು ಹಾಯಿಸಿ ನೋಡುವ ಕೆಲಸ ಕೃಷ್ಣರಾಜಸಾಗರದ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ನಡೆದಿದೆ. ಪರೀಕ್ಷೆಯಿಲ್ಲದೆ ಕಟ್ಟಿದ ಕೋಡಿ ಮಳೆಗಾಲದಲ್ಲಿ ತಾನೇ ಪರೀಕ್ಷೆ ಬರೆಸಿಕೊಳ್ಳುತ್ತದೆ, ಅದರ ಫಲಿತಾಂಶ ಕೆಳಗಿನ ಹಳ್ಳಿಗಳಿಗೆ ಬರುತ್ತದೆ. ನಾಟಕಕ್ಕೂ ಇಂಥದೊಂದು ಪರೀಕ್ಷೆಯ ಜಾಗ ಬೇಡವೇ?

ಪರೀಕ್ಷೆಯ ಜಾಗ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಮಾಜವೇ ಸಾಕ್ಷಿ. ಕಲ್ಯಾಣದ ವಸ್ತುವನ್ನು ಹಿಡಿದು ಕನ್ನಡದ ದೊಡ್ಡ ನಾಟಕಗಳು ಬಂದವು. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ', ಕಲಬುರ್ಗಿಯವರ 'ಕೆಟ್ಟಿತ್ತು ಕಲ್ಯಾಣ'. 'ಮಹಾಚೈತ್ರ' ಎಂಬತ್ತರ ದಶಕದಲ್ಲೇ ರಂಗಕ್ಕೆ ಬಂದಿತ್ತು. ತೊಂಬತ್ತರ ದಶಕದಲ್ಲಿ ಅದು ವಿಶ್ವವಿದ್ಯಾಲಯದ ಪಠ್ಯವಾದ ಮೇಲೆ ನಮ್ಮವರಲ್ಲಿ ಅನೇಕರು ಬೀದಿಗಿಳಿದರು, ತೆಗೆದುಹಾಕಿ ಎಂದರು. ಆ ನಾಟಕದ ಬಗ್ಗೆ ಭಿನ್ನಾಭಿಪ್ರಾಯ ಇರಬಾರದೆಂದಲ್ಲ. ನನಗೂ ಕೆಲವು ಇವೆ. ಆದರೆ ಭಿನ್ನಾಭಿಪ್ರಾಯವನ್ನು ಹೇಳುವ ಭಾಷೆ ನಮಗೆ ಗೊತ್ತಿರಲಿಲ್ಲ. ಲೇಖಕನ ಎದುರು ಕೂತು 'ಈ ದೃಶ್ಯ ಯಾಕೆ ಹೀಗೆ' ಎಂದು ಕೇಳುವ ಅಭ್ಯಾಸ ನಮಗಿರಲಿಲ್ಲ. ಅಭ್ಯಾಸ ಇಲ್ಲದವನು ಕೇಳುವ ಬದಲು ಕೂಗುತ್ತಾನೆ. ಅನುಭವ ಮಂಟಪದ ವಾರಸುದಾರರು ಎಂದು ಹೇಳಿಕೊಳ್ಳುವವರು ನಾಟಕವೊಂದಕ್ಕೆ ಕೊಟ್ಟ ಉತ್ತರ ಮನವಿಪತ್ರ ಮತ್ತು ಮೆರವಣಿಗೆ.

ಮುಗಿಯದ ಕೃತಿಯನ್ನು ಹತ್ತು ಜನ ತಿದ್ದುವುದು ನಮ್ಮ ಪರಂಪರೆಯಲ್ಲ ಎಂದು ಯಾರಾದರೂ ಹೇಳಿದರೆ, ಅವರು 'ಶೂನ್ಯಸಂಪಾದನೆ'ಯ ಚರಿತ್ರೆ ಓದಲಿ. ಪಾತ್ರಗಳು, ಪ್ರವೇಶಗಳು, ಸವಾಲು ಜವಾಬುಗಳಿರುವ ಆ ಮಹಾಗ್ರಂಥ ಒಂದೇ ಏಟಿಗೆ ಆದದ್ದಲ್ಲ. ಮೊದಲು ಶಿವಗಣಪ್ರಸಾದಿ ಮಹಾದೇವಯ್ಯ, ಆಮೇಲೆ ಹಲಗೆಯಾರ್ಯ, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗರು, ಕೊನೆಗೆ ಗೂಳೂರ ಸಿದ್ಧವೀರಣ್ಣೊಡೆಯರು, ಹೀಗೆ ನಾಲ್ಕು ಕೈಗಳಲ್ಲಿ ಅದು ಬೆಳೆಯಿತು. ಸಿದ್ಧರಾಮೇಶ್ವರರ ಲಿಂಗದೀಕ್ಷೆಯಂಥ ಮುಖ್ಯ ಪ್ರಸಂಗವೇ ಮೊದಲ ರೂಪದಲ್ಲಿಲ್ಲ, ಮುಂದಿನವರು ಸೇರಿಸಿದರು. ಹಿಂದಿನವರು ಬಿಟ್ಟದ್ದನ್ನು ಮುಂದಿನವರು ಕಂಡರು, ತುಂಬಿದರು, ಬೇಡವೆನಿಸಿದ್ದನ್ನು ಬದಲಿಸಿದರು. ಯಾರೂ ಯಾರ ಮೇಲೂ ಕೇಸು ಹಾಕಲಿಲ್ಲ. ಇಷ್ಟು ದೊಡ್ಡ ಧೈರ್ಯದ ಮಕ್ಕಳು ನಾವು, ಒಬ್ಬ ಶಿಕ್ಷಕಿಯ ಇಪ್ಪತ್ತು ಪುಟಕ್ಕೆ ಬೆದರುತ್ತೇವೆ.

ಹೊರಗಿನವರಿಗೆ ಈ ವಿದ್ಯೆ ಗೊತ್ತಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಓನೀಲ್ ರಂಗಕೇಂದ್ರ ಎಂಬುದಿದೆ, 1964ರಲ್ಲಿ ಶುರುವಾದದ್ದು. ಅಲ್ಲಿ ಬೇಸಿಗೆಯಲ್ಲಿ ಹೊಸ ನಾಟಕಗಳನ್ನು ನಟರು ಹಸ್ತಪ್ರತಿ ಕೈಯಲ್ಲೇ ಹಿಡಿದು ಓದಿ ಆಡುತ್ತಾರೆ. ರಂಗಸಜ್ಜಿಕೆ ಅತ್ಯಲ್ಪ. ಲೇಖಕ ಕೂತು ನೋಡಿ, ರಾತ್ರಿ ತಿದ್ದಿ, ಮತ್ತೆ ಕೊಡುತ್ತಾನೆ. ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ತಾಯಿಯ ಮಗ, ಕಪ್ಪು ಜನಾಂಗದ ಆಗಸ್ಟ್ ವಿಲ್ಸನ್ ಅಲ್ಲಿಗೆ ಕಳಿಸಿದ ನಾಟಕಗಳು ಹಲವು ಸಲ ತಿರಸ್ಕೃತವಾದವು. 1982ರಲ್ಲಿ ಒಂದು ಆಯ್ಕೆಯಾಯಿತು, ಅಲ್ಲಿ ತಿದ್ದಿಸಿಕೊಂಡಿತು. ಎರಡು ವರ್ಷದಲ್ಲಿ ಬ್ರಾಡ್ವೇ ರಂಗಮಂದಿರ ಮುಟ್ಟಿತು. ಅವರು ಮುಂದೆ ಆ ದೇಶದ ಮೊದಲ ಸಾಲಿನ ನಾಟಕಕಾರರಾದರು. ನಮ್ಮ ತೋಟಗಳ ಕೂಲಿಯವರ ಮನೆಯಲ್ಲಿ ಅಂಥ ಮಕ್ಕಳಿಲ್ಲ ಎಂದು ಹೇಳುವ ಅಧಿಕಾರ ಯಾರಿಗಿದೆ? ನಾವು ಅವರಿಗೆ ಒಂದು ಜಗಲಿಯನ್ನೂ ಬಿಟ್ಟುಕೊಟ್ಟಿಲ್ಲ.

ಈಗ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: ಮಠದ ವೇದಿಕೆಯ ಮೇಲೆ ಅರೆಬರೆ ನಾಟಕ ಮಾಡಿಸಿದರೆ ಮರ್ಯಾದೆ ಉಳಿಯುತ್ತದೆಯೇ? ತಿಪಟೂರಿನವರಿಗೆ ಇದನ್ನು ವಿವರಿಸಬೇಕೇ? ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು. ನಡುನಡುವೆ ಹತ್ತಿ ಕಾಯಿ ಅಲುಗಿಸಿ ಸದ್ದು ಕೇಳುತ್ತೇವೆ. ಮೂರನೇ ತಿಂಗಳಲ್ಲಿ ನೀರು ಕುಲುಕಿತೆಂದು ಯಾರೂ ಕಾಯಿಯನ್ನು ತಿಪ್ಪೆಗೆ ಎಸೆಯುವುದಿಲ್ಲ. ಉಂಡೆ ಕೊಬ್ಬರಿಗೆ ತೋರಿಸುವ ತಾಳ್ಮೆಯನ್ನು ನಮ್ಮ ಮಕ್ಕಳ ಬರಹಕ್ಕೆ ತೋರಿಸಿದರೆ ಮಠದ ಮರ್ಯಾದೆ ಹೆಚ್ಚುತ್ತದೆ.

ಎರಡನೆಯದು: ಶರಣರಿಗೆ ಅಪಚಾರವಾದರೆ? ಆದರೆ ಅಲ್ಲೇ ಕೇಳಿ. ಲೇಖಕ ಎದುರಿಗೇ ಇರುತ್ತಾನೆ, ಪುಸ್ತಕ ಅಚ್ಚಾಗಿರುವುದಿಲ್ಲ, ಮಾತಿನ್ನೂ ಪೆನ್ಸಿಲ್ಲಿನಲ್ಲಿದೆ. ತಪ್ಪು ತಿದ್ದಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಆದರೆ ಒಂದು ಷರತ್ತು: 'ನನಗೆ ನೋವಾಯಿತು' ಎಂಬುದು ಮಾತಿನ ಆರಂಭವಾಗಬಹುದು, ಕೊನೆಯಾಗಬಾರದು. ಯಾಕೆ ನೋವಾಯಿತು, ವಚನದ ಯಾವ ಆಧಾರದಿಂದ ತಪ್ಪು ಎನ್ನುತ್ತೀರಿ ಎಂದು ಹೇಳಬೇಕು. ಹೇಳಲಾಗದಿದ್ದರೆ ಆ ನೋವು ಶರಣರಿಗಾಗಿ ಆದದ್ದೋ, ನಮ್ಮ ಠೀವಿಗಾಗಿ ಆದದ್ದೋ ಎಂದು ಮನೆಗೆ ಹೋಗಿ ಯೋಚಿಸಬೇಕು.

ಮೂರನೆಯದು: ದುಡ್ಡು. ಇದಕ್ಕೆ ಅಂದಾಜು ಪಟ್ಟಿ ನಾನೇ ಬರೆದುಕೊಡುತ್ತೇನೆ. ಶ್ರಾವಣದ ತಿಂಗಳಿಡೀ ಮಠಗಳಲ್ಲಿ ಪ್ರವಚನ ಹೇಗೂ ನಡೆಯುತ್ತದೆ. ಅದರಲ್ಲಿ ಮೂರು ಸಂಜೆ ಬಿಟ್ಟುಕೊಡಿ. ದಿನಕ್ಕೆ ಎರಡರಂತೆ ಆರು ಹೊಸ ನಾಟಕ, ಒಂದೊಂದಕ್ಕೆ ನಲವತ್ತು ನಿಮಿಷ. ವೇಷಭೂಷಣ ಬೇಡ, ಪರದೆ ಬೇಡ, ಬಣ್ಣದ ದೀಪ ಬೇಡ. ನಾಲ್ಕು ಬೆಂಚು, ಎರಡು ಮೈಕು. ಓದಿದ ಮೇಲೆ ಅಷ್ಟೇ ಹೊತ್ತು ಮಾತುಕತೆ. ಆಮೇಲೆ ದಾಸೋಹ. ಹಾರ, ತುರಾಯಿ, ಉದ್ಘಾಟನಾ ಭಾಷಣ, ಗಣ್ಯರ ಸಾಲು ಯಾವುದೂ ಬೇಡ. ಪೂಜ್ಯರು ವೇದಿಕೆಯ ಮೇಲಲ್ಲ, ಜನರ ಜೊತೆ ಕೆಳಗೆ ಕೂತು ಕೇಳಲಿ. ತಿದ್ದಿ ಬರೆದವರು ಕಾರ್ತಿಕದಲ್ಲಿ ಮತ್ತೆ ಬರಲಿ. ಆಗ ಏನು ಬದಲಾಯಿತೆಂದು ಅದೇ ಜನ ನೋಡಲಿ. ಹದವಾದ ಒಂದೆರಡನ್ನು ಆಡಲು ಮನಸ್ಸಿರುವ ತಂಡಗಳು ನಾಡಿನಲ್ಲಿ ಇದ್ದೇ ಇವೆ.

ವಿಷಯಕ್ಕೆ ಬರವೇ? 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಿದವರು ನಾವು. ಬೀದಿಯಲ್ಲಿ ಕೂತು ಹೋರಾಡಿದವರು ನಾವು. ಆ ಸಾಲದ ರಾತ್ರಿಗಳು ಯಾವ ನಾಟಕದಲ್ಲಿ ಬಂದಿವೆ? ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಹಟ್ಟಿಯ ಮನೆಯಲ್ಲಿ ಒಬ್ಬಳೇ ಉಳಿದ ಅಜ್ಜಿ ಯಾವ ರಂಗದ ಮೇಲಿದ್ದಾಳೆ? ಲಿಂಗ ಕಟ್ಟಿಕೊಂಡೂ ಜಾತಿ ಕೇಳಿಸಿಕೊಳ್ಳುವವನು, ವರದಕ್ಷಿಣೆ ಎಣಿಸುತ್ತ ವಚನ ಹೇಳುವ ಬೀಗರು, ಇವರೆಲ್ಲ ಪಾತ್ರಗಳಾಗಲು ಕಾಯುತ್ತಿದ್ದಾರೆ. ಶರಣರು ತಮ್ಮ ಕಾಲದ ಬಗ್ಗೆ ಮಾತಾಡಿದರು. ಅವರ ಕಾಲದ ಬಗ್ಗೆ ಮಾತ್ರ ಮಾತಾಡುವ ನಾವು ಅವರ ಅನುಯಾಯಿಗಳು ಹೇಗಾಗುತ್ತೇವೆ?

ಕೊನೆಗೆ ಪ್ರೇಕ್ಷಕರಿಗೆ ಒಂದು ಮಾತು. ಈ ಉತ್ಸವಕ್ಕೆ ಸಾಹಿತಿಗಳನ್ನು ಮಾತ್ರ ಕರೆದರೆ ಅದು ಸತ್ತಂತೆ. ಕಾಯಿ ಸುಲಿಯುವವರು ಬರಲಿ, ಮಂಡಿಯ ಹಮಾಲರು ಬರಲಿ, ಹಾಸ್ಟೆಲಿನ ಹುಡುಗಿಯರು ಬರಲಿ. ಎಲೆ ಹಿಡಿದು ನಿಂತ ಆ ಹೆಂಗಸು ಯಾವ ಪಂಕ್ತಿಗೆ ಹೋಗಬೇಕೆಂದು ತೀರ್ಮಾನಿಸುವವರು ವಿಮರ್ಶಕರಲ್ಲ, ಆ ಪಂಕ್ತಿಗಳಲ್ಲಿ ಕೂತು ಉಂಡವರು, ಕೂರಲಾಗದೆ ಹೊರಗೆ ಉಂಡವರು.

ಪೂಜ್ಯರಲ್ಲಿ, ಸಮಿತಿಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ. ಬರುವ ಶ್ರಾವಣದಲ್ಲಿ ಮೂರು ಸಂಜೆ. ನಮ್ಮ ಮೂರು ತಾಲ್ಲೂಕಿನ ಯಾವ ಮಠವಾದರೂ ಸರಿ, ಬಾಗಿಲು ತೆರೆಯುತ್ತೇವೆ ಎಂದು ಈ ಪತ್ರಿಕೆಗೆ ಒಂದು ಕಾಗದ ಬರೆಯಲಿ. ಬೆಂಚು, ಮೈಕಿನ ಏರ್ಪಾಡು ನನ್ನದು. ವಾಪಸು ಹೋದ ಹಸ್ತಪ್ರತಿಗಳು ಈ ಸೀಮೆಯ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ, ಅವನ್ನು ಹೊರಗೆ ತರಿಸುವ ಕೆಲಸ ನಿಮ್ಮದು. ಶರಣು ಶರಣಾರ್ಥಿ.