ಕೋವಿ ಹೋಯಿತು, ಉರುಳು ಉಳಿಯಿತು

ಹಂದಿ ಕಾಟದ ಬಗ್ಗೆ ನಾವು ಕೃಷಿಕರು ಸಾಕಷ್ಟು ಬರೆದಿದ್ದೇವೆ. ಹಳೇ ಸೀರೆ ಕಟ್ಟಿದ್ದು, ಬಾಟ್ಲಿ ನೇತು ಹಾಕಿದ್ದು, ಕ್ಷೌರದಂಗಡಿಯ ಕೂದಲು ತಂದು ಚೆಲ್ಲಿದ್ದು ಎಲ್ಲ ಆಯಿತು. ಬೇಟೆಯ ಬಗ್ಗೆ ಮಾತ್ರ ಯಾರೂ ಪೆನ್ನು ಹಿಡಿಯುವುದಿಲ್ಲ. ಕೇಸು ಬಿದ್ದೀತೆಂಬ ಹೆದರಿಕೆ ಒಂದು, ನಾಲ್ಕು ಜನ ಏನೆಂದುಕೊಂಡಾರೋ ಎಂಬ ಸಂಕೋಚ ಇನ್ನೊಂದು. ಆದರೆ ಊರಲ್ಲಿ ಬೇಟೆ ನಿಂತಿಲ್ಲ ಅನ್ನೋದು ನಮಗೆಲ್ಲ ಗೊತ್ತು. ರೀತಿ ಬದಲಾಗಿದೆ, ಅಷ್ಟೆ. ಈಗಿನ ರೀತಿ ಹಳೆಯದಕ್ಕಿಂತ ಕೆಟ್ಟದ್ದು, ಕಾಡಿಗೂ ಕೆಟ್ಟದ್ದು, ನಮಗೂ ಕೆಟ್ಟದ್ದು ಎನ್ನುವುದು ನನ್ನ ವಾದ.

ಮಲೆನಾಡಿನಲ್ಲಿ ಕೊಯ್ಲು ಮುಗಿದ ಮೇಲೆ ಊರೊಟ್ಟಿನ ಬೇಟೆ ಇತ್ತು. ಕೋವಿ ಇದ್ದವರು ಬಿಲ್ಲಿಗೆ ನಿಲ್ಲುವುದು, ಉಳಿದವರು ನಾಯಿಗಳ ಜೊತೆ ಹಳು ನುಗ್ಗುವುದು. ಯಾವ ಕಂಡಿಯಲ್ಲಿ ಯಾರು ಎಂದು ಹಿರಿಯನೊಬ್ಬ ಹೇಳಬೇಕು. ಅವನು ಕೂಗುವ ತನಕ ಬಿಲ್ಲು ಬಿಟ್ಟು ಕದಲುವಂತಿಲ್ಲ. ಬಿದ್ದ ಹಂದಿಯಲ್ಲಿ ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ಹಳು ನುಗ್ಗಿದವರಿಗೂ ಪಾಲು, ನಾಯಿಗೂ ಲೆಕ್ಕ. ಘಟ್ಟದ ಕೆಳಗೆ ತುಳುವರಿಗೆ ಕೆಡ್ಡಸದ ಬೋಂಟೆ. ಕೊಡಗಿನವರಿಗೆ ನಾಟಿ ಕೆಲಸ ಮುಗಿಸಿ ಕೋವಿ ಪೂಜೆ ಮಾಡುವ ಕೈಲ್ ಪೊಳ್ದ್. ಎಲ್ಲವೂ ಬೇಸಾಯದ ವರ್ಷಕ್ಕೆ ಹೊಂದಿಕೊಂಡಿದ್ದವು. ಇನ್ನು ಪೈರಿನ ಕಾಲದಲ್ಲಿ ಗದ್ದೆ ಮಾಳದಲ್ಲಿ ರಾತ್ರಿ ಕಾವಲು. ಅಲ್ಲಿ ಹಂದಿ ಸಾಯುತ್ತಿದ್ದದ್ದು ಅಪರೂಪ. ಮನುಷ್ಯರ ವಾಸನೆ, ಬೆಂಕಿ, ಕೂಗು, ಆಗಾಗ ಒಂದು ಈಡು, ಇಷ್ಟಕ್ಕೇ ಅದು ದೂರ ಇರುತ್ತಿತ್ತು.

ಹಿಂದಿನವರೆಲ್ಲ ದೊಡ್ಡ ಕಾಡುಪ್ರೇಮಿಗಳು ಎಂದು ನಾನು ಹೇಳುತ್ತಿಲ್ಲ. ಬಸುರಿ ಕಡವೆಗೂ ಈಡು ಬಿದ್ದಿದೆ. ಕಾಡುಕೋಣದ ತಲೆ ಜಗಲಿಯ ಗೋಡೆಗೆ ಏರಿದೆ. ಮಾಂಸದ ಆಸೆಗೆ 'ಬೆಳೆ ರಕ್ಷಣೆ' ಎಂದು ಹೆಸರಿಟ್ಟದ್ದೂ ಉಂಟು. ಆದರೆ ಒಂದು ಮಾತು. ಕೋವಿ ಹಿಡಿದವನು ಎದುರಿನ ಪ್ರಾಣಿ ಯಾವುದು ಎಂದು ನೋಡಬೇಕಿತ್ತು. ಬಿಡಬೇಕಾದ್ದನ್ನು ಬಿಡಲು ಅವನಿಗೆ ಅವಕಾಶ ಇತ್ತು. ಈಡಿನ ಸದ್ದು ಊರಿಗೆಲ್ಲ ಕೇಳುತ್ತಿದ್ದರಿಂದ ಕದ್ದು ಮಾಡುವುದೂ ಸುಲಭ ಇರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆಗ ಲೈಸನ್ಸ್ ಪಡೆದು ಕೆಲವು ಪ್ರಾಣಿ ಹೊಡೆಯಲು ದಾರಿ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. ಮುಚ್ಚಿದ್ದು ಸರಿಯೇ, ಆ ಹೊತ್ತಿಗೆ ಕಾಡು ಖಾಲಿಯಾಗುತ್ತಾ ಬಂದಿತ್ತು. ಆದರೆ ಕಾವಲು ಕೂರುವ ಮಕ್ಕಳು ಪೇಟೆ ಸೇರಿದರು, ಗದ್ದೆ ಹಡಿಲು ಬಿದ್ದವು, ಹಡಿಲು ಗದ್ದೆಯ ಪೊದೆಯಲ್ಲೇ ಹಂದಿ ಸಂಸಾರ ಹೂಡಿತು. ಕೋವಿ ಮೂಲೆ ಸೇರಿದ ಜಾಗಕ್ಕೆ ಸದ್ದು ಮಾಡದ ಸಾಧನಗಳು ಬಂದವು. ಕೇಬಲ್ ತಂತಿಯ ಉರುಳು, ಕಚ್ಚಿದರೆ ಸಿಡಿಯುವ ಮದ್ದಿನ ಉಂಡೆ, ಕರೆಂಟು ಕೊಟ್ಟ ತಂತಿ.

ಉರುಳಿಗೆ ಕಣ್ಣಿಲ್ಲ. ಹಂದಿಗೆ ಇಟ್ಟದ್ದಕ್ಕೆ ನೆರೆಮನೆಯ ದನ ಬೀಳುತ್ತದೆ, ನಮ್ಮದೇ ನಾಯಿ ಬೀಳುತ್ತದೆ, ಚಿರತೆ ಬೀಳುತ್ತದೆ. ಸೊಂಟಕ್ಕೆ ಉರುಳು ಬಿಗಿದ ಚಿರತೆ ಬೇಗ ಸಾಯುವುದೂ ಇಲ್ಲ. ಅದನ್ನು ಬಿಡಿಸಲು ಹೋದವರಿಗೂ ಅಪಾಯ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ತುಂಬಿದ ಹಣ್ಣು ಕಚ್ಚಿ, ಬಾಯಿ ಒಡೆದು, ಹೊಳೆಯ ನೀರಲ್ಲಿ ನಿಂತೇ ಸತ್ತದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅಂಥ ಮದ್ದು ಇಡುವುದು ಹಂದಿಗೆಂದೇ. ಇನ್ನು ಕರೆಂಟು ತಂತಿ. ಬೆಳಗ್ಗೆ ನೀರು ಬಿಡಲು ಹೋಗುವವರು ಯಾರು? ನಾವೇ, ನಮ್ಮ ಆಳುಗಳೇ. ಇದಕ್ಕೆ ಹೆಚ್ಚು ವಿವರಣೆ ಬೇಡ.

ಕಾನೂನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಾಯಿದೆಯ ಪ್ರಕಾರ ಉರುಳು ಇಡುವುದು, ಸೋವುವುದು, ಹಿಡಿಯಲು ಪ್ರಯತ್ನಿಸುವುದು ಎಲ್ಲವೂ 'ಬೇಟೆ'ಯೇ. ಹಂದಿ ಬೀಳಬೇಕೆಂದೇನೂ ಇಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ತಪ್ಪಿಗೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಅದೇ ಉರುಳಿಗೆ ಚಿರತೆ ಬಿದ್ದರೆ ಅದು ಒಂದನೇ ಅನುಸೂಚಿ. ಕನಿಷ್ಠವೇ 3 ವರ್ಷ, ಗರಿಷ್ಠ 7. ಒಂದು ಗೊನೆ ಬಾಳೆ ಉಳಿಸಲು ಹೋಗಿ ತೋಟ ಮಾರಿ ವಕೀಲರಿಗೆ ಕೊಡುವ ಕೆಲಸ ಇದು.

ಬೇಟೆಗಾರನ ಕಣ್ಣು ಬೇಕು

ಹಾಗಾದರೆ ಹಳೇ ಶಿಕಾರಿಯವರ ವಿದ್ಯೆ ಮಣ್ಣಿಗೆ ಹೋಗಬೇಕೆ? ಬೇಡ. ಹೊಡೆಯುವುದು ಆ ವಿದ್ಯೆಯ ಕೊನೆಯ ಭಾಗ ಮಾತ್ರ. ಹೆಜ್ಜೆ ನೋಡುವುದು, ದಾರಿ ಹಿಡಿಯುವುದು, ಗಾಳಿ ತಿಳಿಯುವುದು ದೊಡ್ಡ ಭಾಗ. ಬೇಲಿ ಹಾಕುವವನಿಗೆ ಇದೇ ಬೇಕಾದದ್ದು. ನಿಮ್ಮೂರಲ್ಲಿ ಅಂಥ ಮುದುಕರಿದ್ದರೆ ಕರೆದುಕೊಂಡು ಒಂದು ಸಲ ತೋಟದ ಅಂಚು ಸುತ್ತಿ ಬನ್ನಿ. ಕಾಫಿ ಖರ್ಚಷ್ಟೆ.

ಹಂದಿ ಸಿಕ್ಕ ಕಡೆ ನುಗ್ಗುವುದಿಲ್ಲ, ಅದಕ್ಕೆ ರೂಢಿಯ ಕಂಡಿಗಳಿವೆ. ಮೆತ್ತನೆ ಮಣ್ಣಲ್ಲಿ ಎರಡು ಗೊರಸಿನ ಹಿಂದೆ ಅಗಲಕ್ಕೆ ಎರಡು ಚುಕ್ಕಿ ಹಿಂಗೊರಸು ಬಿದ್ದಿದ್ದರೆ ಹಂದಿ. ಕಡವೆಯದು ಉದ್ದ, ಅದಕ್ಕೆ ಸಾಮಾನ್ಯವಾಗಿ ಹಿಂಗೊರಸು ಮೂಡುವುದಿಲ್ಲ. ಕಂಡಿಯ ಪಕ್ಕದ ಮರಕ್ಕೆ ಕೆಸರು ತಿಕ್ಕಿದ ಗುರುತು ಎಷ್ಟು ಎತ್ತರಕ್ಕಿದೆ ನೋಡಿ, ಬರುವ ಹಂದಿಯ ಅಳತೆ ಅಲ್ಲೇ ಸಿಕ್ಕಿತು. ಅಡಿಕೆ ಬುಡದ ಸೊಪ್ಪುಗೊಬ್ಬರ ಕೆದರಿದ್ದರೆ ಎರೆಹುಳಕ್ಕೆ ಬಂದ ಹಂದಿ. ತೆಂಗಿನ ಸಸಿಯ ಬುಡ ಕತ್ತಿಯಲ್ಲಿ ಕೊರೆದ ಹಾಗೆ ಕಡಿದಿದ್ದರೆ ಮುಳ್ಳುಹಂದಿ. ಎಷ್ಟೋ ಜನ ಮುಳ್ಳುಹಂದಿಯ ಲೂಟಿಗೆ ಕಾಡುಹಂದಿಯ ಬೇಲಿ ಹಾಕಿ ದುಡ್ಡು ಕಳೆದುಕೊಂಡಿದ್ದಾರೆ.

ಸೋಲಾರ್ ಬೇಲಿ ಹಾಕುವವರು ಕೆಳಗಿನ ತಂತಿಯನ್ನು ನೆಲದಿಂದ ಒಂದು ಗೇಣಿಗಿಂತ ಎತ್ತರ ಬಿಡಬೇಡಿ. ಹಂದಿ ಹಾರುವ ಜಾತಿಯಲ್ಲ, ಮೂತಿ ಕೊಟ್ಟು ನುಸುಳುವ ಜಾತಿ. ಒದ್ದೆ ಮೂತಿಗೆ ಶಾಕ್ ತಾಗಿದರೆ ನೆನಪಿರುತ್ತದೆ, ಬೆನ್ನಿನ ಕೂದಲಿಗೆ ತಾಗಿದರೆ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಂತಿ ಬುಡದ ಹುಲ್ಲು ಸವರದಿದ್ದರೆ ಬೇಲಿ ಬರೀ ಶೋಕಿಗೆ. ಮೆಷಿನ್ನಿನಿಂದ ಬರುವುದು ಬಿಟ್ಟು ಬಿಟ್ಟು ಹೊಡೆಯುವ ಶಾಕ್, ಜೀವ ತೆಗೆಯುವುದಿಲ್ಲ. ಅದಕ್ಕೆ ಮನೆಯ ಲೈನಿಂದ ನೇರ ಕೊಕ್ಕೆ ಹಾಕುವ 'ಬುದ್ಧಿವಂತರು' ಇದ್ದಾರೆ. ಅವರ ತೋಟಕ್ಕೆ ಕೆಲಸಕ್ಕೆ ಹೋಗಬೇಡಿ.

ಕೋವಿ ಇದ್ದವರಿಗೆ

ಬೆಳೆ ರಕ್ಷಣೆಯ ಕೋವಿಗೆ ಲೈಸನ್ಸ್ ಕೊಡುವುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆ ಒಪ್ಪುತ್ತದೆ. ಕೇಪಿನ ಕೋವಿಯನ್ನು ಅದು ಹೆಸರು ಹೇಳಿಯೇ ಬೆಳೆ ರಕ್ಷಣೆಗೆ ಸೇರಿಸಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಲೈಸನ್ಸ್ ಆಗಲಿ ವಿನಾಯಿತಿ ಆಗಲಿ ಕೋವಿ ಇಟ್ಟುಕೊಳ್ಳಲು ಮಾತ್ರ, ಹಂದಿ ಹೊಡೆಯಲು ಅಲ್ಲ. ಅದಕ್ಕೆ ವನ್ಯಜೀವಿ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಬೇಕು. ಬೆಳೆಗೆ ಅಪಾಯವಾದ ಎರಡನೇ ಅನುಸೂಚಿಯ ಪ್ರಾಣಿಯನ್ನು ಇಂಥ ಜಾಗದಲ್ಲಿ ಹೊಡೆಯಬಹುದು ಎಂದು ಕಾರಣ ಬರೆದು ಅನುಮತಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಅವಕಾಶ ಇದೆ. ಹೊಡೆದ ಪ್ರಾಣಿ ಸರ್ಕಾರದ್ದು, ಸಾರಿಗಲ್ಲ. ಆದ್ದರಿಂದ ಹಾನಿಯಾದಾಗಲೆಲ್ಲ ಪರಿಹಾರಕ್ಕೆ ಅರ್ಜಿ ಕೊಡಿ. ದುಡ್ಡು ಚಿಕ್ಕದೆಂದು ಬಿಡಬೇಡಿ. ನಾಳೆ ಅನುಮತಿ ಕೇಳುವಾಗ ತೋರಿಸಲು ಅದೇ ದಾಖಲೆ.

ಅನುಮತಿ ಸಿಕ್ಕಿದವರು ಹಳೇ ಶಿಸ್ತು ಮರೆಯಬಾರದು. ಪೊದೆ ಅಲ್ಲಾಡಿತು, ಕಣ್ಣು ಹೊಳೆಯಿತು ಎಂದು ಈಡು ಹೊಡೆಯುವುದು ಬೇಟೆಯಲ್ಲ, ಕೊಲೆಗೆ ದಾರಿ. ಹಂದಿಯೆಂದು ಜೊತೆಯವನಿಗೇ ಹೊಡೆದ ಕಥೆ ನಮ್ಮ ಕಡೆ ಕೇಳದವರಿಲ್ಲ. ಪೂರ್ತಿ ಪ್ರಾಣಿ ಕಾಣಬೇಕು, ಅದರ ಹಿಂದೆ ಏನಿದೆ ಎಂದೂ ಗೊತ್ತಿರಬೇಕು. ಅಟ್ಟಣೆಯ ಮೇಲಿಂದ ಕೆಳಮುಖ ಹೊಡೆದರೆ ತಪ್ಪಿದ ಚರೆ ನೆಲಕ್ಕೆ ಹೋಗುತ್ತದೆ. ಅಟ್ಟಣೆ ಹತ್ತುವಾಗ, ತಡಮೆ ದಾಟುವಾಗ ತೋಟಾ ತೆಗೆದಿರಬೇಕು. ಕೇಪಿನ ಕೋವಿಯಾದರೆ ಕೇಪು ಜೇಬಿನಲ್ಲಿರಲಿ. ಗಾಯದ ಹಂದಿಯ ಬೆನ್ನು ಹತ್ತಿ ರಾತ್ರಿ ಹಳುವಿಗೆ ನುಗ್ಗಬೇಡಿ. ಕುಡಿದವನ ಕೈಗೆ ಕೋವಿ ಬೇಡ, ಅವನು ಎಷ್ಟೇ ಹಿರಿಯನಾಗಿರಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಉಣುಗು ಈಗಲೂ ಮಲೆನಾಡಿನಲ್ಲಿದೆ.

ಇನ್ನು ಸರ್ಕಾರಕ್ಕೆ. ಕೇರಳ 2022ರಲ್ಲಿ ಹಂದಿ ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಕೋವಿ ಲೈಸನ್ಸ್ ಇದ್ದವರಿಂದ ಮಾತ್ರ ಹೊಡೆಸಬೇಕು, ವಿಷ, ಸಿಡಿಮದ್ದು, ಕರೆಂಟು ಕೂಡದು, ಸತ್ತದ್ದನ್ನು ಹೂಳಬೇಕು. ಇಂಥದ್ದು ನಮ್ಮಲ್ಲೂ ಬೇಕು. ಬೆಳೆ ಹೋದ ಮೇಲೆ ಕಾಗದ ಬಂದರೆ ಏನು ಮಾಡುವುದು? ಇದರಿಂದ ಹಂದಿ ಮುಗಿಯುತ್ತದೆಂದು ನಾನು ನಂಬಿಲ್ಲ. ನಾಲ್ಕು ತಿಂಗಳೊಳಗೆ ಗಬ್ಬ ತೀರಿಸಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ ಅದು. ಬೇಲಿ, ಕಾವಲು ಬಿಟ್ಟು ಕೋವಿಯೊಂದನ್ನೇ ನಂಬಿದರೆ ಕೆಡುತ್ತೇವೆ. ಆದರೆ ಕಾನೂನಿನ ಬಾಗಿಲು ಒಂದಿಷ್ಟಾದರೂ ತೆರೆದರೆ ಉರುಳಿನವನಿಗೆ 'ಬೇರೆ ದಾರಿ ಇಲ್ಲ' ಎಂಬ ನೆಪ ಇರುವುದಿಲ್ಲ.

ಮತ್ತೊಂದು ಕಿರಿಕಿರಿ ಚುನಾವಣೆಯದ್ದು. ನೀತಿ ಸಂಹಿತೆ ಬಂದ ಕೂಡಲೆ ಕೋವಿ ಠಾಣೆಗೆ ತಂದಿಡಿ ಎಂಬ ಆದೇಶ. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಸುತ್ತು ಬರುತ್ತಲೇ ಇರುತ್ತದೆ. ಕೇಸು ದಾಖಲಾಗದ ಕೃಷಿಕನ ಒಂಟಿ ನಳಿಗೆ ಕೋವಿಯಿಂದ ಯಾವ ಮತಗಟ್ಟೆಗೆ ಅಪಾಯ? ವಿನಾಯಿತಿ ಕೇಳಿ ಜಿಲ್ಲಾ ಸಮಿತಿಗೆ ಅರ್ಜಿ ಕೊಡಬಹುದು. ಒಬ್ಬೊಬ್ಬರೇ ಕೊಡುವ ಬದಲು ಹತ್ತಿಪ್ಪತ್ತು ಜನ ಒಟ್ಟಾಗಿ, ಬೆಳೆ ಹಾನಿಯ ಅರ್ಜಿಗಳ ನಕಲು ಲಗತ್ತಿಸಿ ಕೊಡಿ. ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. 11ನೇ ಸೆಕ್ಷನ್ ಅನುಮತಿ ಪಡೆದವರು ಯಾರಾದರೂ ಇದ್ದರೆ, ಎಷ್ಟು ದಿನ ಹಿಡಿಯಿತು, ಎಷ್ಟು ಸಲ ಓಡಾಡಬೇಕಾಯಿತು ಎಂದು ಪತ್ರಿಕೆಗೆ ಬರೆಯಿರಿ.